ಟ್ಯೂಷನ್ ಯಾವಾಗ ನಿಲ್ಲಿಸುತ್ತೀರಿ ಅಂತ ಮೊದಲ ದಿನವೇ ಕೇಳಿ

ಮಕ್ಕಳಿಗೆ ಟ್ಯೂಷನ್ ಹುಡುಕುತ್ತಿರುವ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಮಕ್ಕಳಿಗೆ ಮನೆಪಾಠ ಹೇಳಿಕೊಡುವವಳು. ಅದೇ ನನ್ನ ಕೆಲಸ, ಅದೇ ನನ್ನ ಸಂಪಾದನೆ. ಹಾಗಾಗಿ ಟ್ಯೂಷನ್ ಬಗ್ಗೆ ನಾನು ಹೇಳುವುದನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ, ತಪ್ಪಿಲ್ಲ. ಆದರೆ ಈ ಪತ್ರದಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ನಮ್ಮಂಥವರನ್ನು ಇನ್ನೂ ಗಟ್ಟಿಯಾಗಿ ಪ್ರಶ್ನೆ ಮಾಡಿ. ಕೆಲಸ ಮುಗಿದ ಮೇಲೆ ಬೇಗ ಕಳಿಸಿಕೊಡಿ.

ಫೋನ್ ಮಾಡುವ ಪೋಷಕರು ಸಾಮಾನ್ಯವಾಗಿ ಕೇಳುವುದು ನಾಲ್ಕು ವಿಷಯ. ಫೀಸ್ ಎಷ್ಟು? ವಾರಕ್ಕೆ ಎಷ್ಟು ಕ್ಲಾಸ್? ನೀವು ಏನು ಓದಿದ್ದೀರಿ? ನಿಮ್ಮ ಹತ್ತಿರ ಕಲಿತವರಿಗೆ ಎಷ್ಟು ಮಾರ್ಕ್ಸ್ ಬಂದಿದೆ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇನ್ನೆರಡನ್ನು ಯಾರೂ ಕೇಳುವುದಿಲ್ಲ. ನನ್ನ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹೇಗೆ ಕಂಡುಹಿಡಿಯುತ್ತೀರಿ? ಟ್ಯೂಷನ್ ಸಾಕು ಅಂತ ಯಾವಾಗ, ಯಾವುದನ್ನು ನೋಡಿ ಹೇಳುತ್ತೀರಿ? ಒಳ್ಳೆಯ ಮೇಷ್ಟ್ರು ಯಾರು ಅಂತ ತಿಳಿಯುವುದಕ್ಕೆ ಈ ಎರಡು ಪ್ರಶ್ನೆಗಳ ಮುಂದೆ ಡಿಗ್ರಿ, ಅನುಭವ ಎಲ್ಲ ಎರಡನೆಯ ಮಾತು.

"ಗಣಿತದಲ್ಲಿ ವೀಕ್" ಅಂತ ಹೇಳಿ ಮಗುವನ್ನು ಕಳಿಸುತ್ತಾರೆ. ಆ ಮಾತಿನಿಂದ ನನಗೆ ಏನೂ ಗೊತ್ತಾಗುವುದಿಲ್ಲ. 52ರಲ್ಲಿ 37 ಕಳೆ ಅಂದರೆ 25 ಅಂತ ಬರೆಯುವ ಮಕ್ಕಳಿದ್ದಾರೆ. ಸರಿಯಾದ ಉತ್ತರ 15. ನೋಡಿದ ಕೂಡಲೇ "ಗಮನ ಇಲ್ಲ" ಅಂತ ಬೈಯುತ್ತೇವೆ. ಆದರೆ ಮಗು ಮಾಡಿದ್ದು ಬೇರೆ. ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದಿದೆ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ತನ್ನದೇ ಒಂದು ನಿಯಮ ಮಾಡಿಕೊಂಡಿದೆ. ಆ ನಿಯಮವನ್ನು ಒಂದು ಸಲವೂ ತಪ್ಪದೆ ಪಾಲಿಸುತ್ತಿದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು 1978ರಲ್ಲೇ ಇಂಥ ತಪ್ಪುಗಳ ಬಗ್ಗೆ ಬರೆದಿದ್ದರು. ಮಕ್ಕಳ ಎಷ್ಟೋ ತಪ್ಪುಗಳು ಅಡ್ಡಾದಿಡ್ಡಿ ತಪ್ಪುಗಳಲ್ಲ, ಅವುಗಳ ಹಿಂದೆ ಒಂದು ಕ್ರಮ ಇರುತ್ತದೆ ಅಂತ ಅವರು ತೋರಿಸಿದರು.

ಈ ಮಗುವಿಗೆ ಇನ್ನೂ ನೂರು ಕಳೆಯುವ ಲೆಕ್ಕ ಕೊಟ್ಟರೆ ಏನಾಗುತ್ತದೆ? ನೂರು ಸಲ ಅದೇ ತಪ್ಪು ನಿಯಮ ಗಟ್ಟಿಯಾಗುತ್ತದೆ. ಟ್ಯೂಷನ್ ಅನ್ನುವ ಹೆಸರಿನಲ್ಲಿ ಬಹಳಷ್ಟು ಕಡೆ ನಡೆಯುವುದು ಇದೇ.

ಇನ್ನೊಂದು ಉದಾಹರಣೆ. 0.7 ದೊಡ್ಡದಾ, 0.35 ದೊಡ್ಡದಾ ಅಂತ ಕೇಳಿ. 35 ಏಳಕ್ಕಿಂತ ದೊಡ್ಡದು, ಹಾಗಾಗಿ 0.35 ದೊಡ್ಡದು ಅನ್ನುವ ಮಕ್ಕಳು ತುಂಬಾ ಜನ. ಅರ್ಧಕ್ಕೆ (1/2) ಮೂರನೇ ಒಂದು ಭಾಗ (1/3) ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅನ್ನುತ್ತಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂತಲ್ಲ, ಅದು ಹೇಗೆ ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಇಂಥ ಮಗು ಮುಂದಿನ ತರಗತಿಯಲ್ಲಿ ಬೀಜಗಣಿತಕ್ಕೆ ಬಂದು ನಿಂತಾಗ "ಬೀಜಗಣಿತಕ್ಕೆ ಟ್ಯೂಷನ್ ಬೇಕು" ಅಂತ ಫೋನ್ ಬರುತ್ತದೆ. ಬೇಕಾಗಿರುವುದು ಭಿನ್ನರಾಶಿಗೆ.

ವಿಜ್ಞಾನದಲ್ಲೂ ಹೀಗೇ. ಮಾರ್ಕ್ಸ್ ಕಡಿಮೆ ಬಂದಿದೆ ಅಂತ ಬಂದ ಮಗುವಿಗೆ ಅದೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿದರೆ ಚೆನ್ನಾಗಿ ಉತ್ತರ ಹೇಳುತ್ತದೆ. ಅದರ ತೊಂದರೆ ಓದುವುದರಲ್ಲಿ. ಉದ್ದ ವಾಕ್ಯ ಬಂದರೆ ಅರ್ಧಕ್ಕೇ ದಾರಿ ತಪ್ಪುತ್ತದೆ. ಅದಕ್ಕೆ ವಿಜ್ಞಾನದ ಟೀಚರ್ ಏನು ಮಾಡಬೇಕು ಹೇಳಿ?

ಅದಕ್ಕೇ ಯಾರಿಗೂ ಫೋನ್ ಮಾಡುವ ಮೊದಲು ಮಗುವಿನ ನೋಟ್ಸ್, ಹಳೆಯ ಉತ್ತರ ಪತ್ರಿಕೆ ತೆಗೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ತಿದ್ದಬೇಡಿ, ಬೈಯಬೇಡಿ. "ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು" ಅನ್ನಿ, ಸುಮ್ನೆ ಕೇಳಿಸಿಕೊಳ್ಳಿ. ನಿಮಗೆ ಆ ಪಾಠ ಬರದಿದ್ದರೂ ಪರವಾಗಿಲ್ಲ. ಮಗು ಎಲ್ಲಿ ತಡವರಿಸುತ್ತದೆ, ಎಲ್ಲಿ ಬಾಯಿಪಾಠ ಒಪ್ಪಿಸುತ್ತದೆ ಅನ್ನುವುದು ಯಾರಿಗಾದರೂ ಕೇಳಿಸುತ್ತದೆ. ಶಾಲೆಯ ಟೀಚರ್ ಹತ್ತಿರವೂ ಮಾತಾಡಿ. "ಹೇಗೆ ಓದುತ್ತಿದ್ದಾನೆ" ಅಂತ ಕೇಳಿದರೆ "ಇನ್ನೂ ಇಂಪ್ರೂವ್ ಆಗಬೇಕು" ಅನ್ನುವ ಉತ್ತರ ಬರುತ್ತದೆ. "ಯಾವ ಪಾಠದಿಂದ ಹಿಂದೆ ಬಿದ್ದ" ಅಂತ ಕೇಳಿ. ಮತ್ತೆ, ಬೋರ್ಡ್ ಸರಿಯಾಗಿ ಕಾಣುತ್ತದಾ, ಕಿವಿ ಕೇಳಿಸುತ್ತದಾ, ರಾತ್ರಿ ನಿದ್ದೆ ಆಗುತ್ತದಾ ಅನ್ನುವುದನ್ನೂ ನೋಡಿ. ಕನ್ನಡಕ ಬೇಕಾದ ಮಗುವಿಗೆ ಟ್ಯೂಷನ್ ಹಾಕಿ ಏನು ಉಪಯೋಗ?

ಇಷ್ಟೆಲ್ಲ ಹೇಳಿದೆ ಅಂತ ಟ್ಯೂಷನ್ನಿಂದ ಲಾಭ ಇಲ್ಲ ಅಂದುಕೊಳ್ಳಬೇಡಿ. ಇದೆ, ಚೆನ್ನಾಗಿಯೇ ಇದೆ. 1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞರು ಒಂದು ಲೇಖನ ಬರೆದರು. ಒಬ್ಬರೇ ಕೂತು ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ಮಾಮೂಲಿ ತರಗತಿಯಲ್ಲಿ ಕಲಿತ ನೂರರಲ್ಲಿ 98 ಮಂದಿಗಿಂತ ಮುಂದೆ ಹೋದ ಅಂತ ಅದರಲ್ಲಿತ್ತು. ಟ್ಯೂಷನ್ ಮಾರುವವರಿಗೆ ಈ ಮಾತು ಬಹಳ ಇಷ್ಟ. ಆದರೆ ಅವರು ಪೂರ್ತಿ ಕಥೆ ಹೇಳುವುದಿಲ್ಲ. ಬ್ಲೂಮ್ ಹೇಳಿದ ಆ ಮಕ್ಕಳಿಗೆ ಒಬ್ಬೊಬ್ಬರೇ ಮೇಷ್ಟ್ರು ಇದ್ದದ್ದಷ್ಟೇ ಅಲ್ಲ. ಆಗಾಗ ಚಿಕ್ಕ ಪರೀಕ್ಷೆ ಇಟ್ಟು, ಎಲ್ಲಿ ತಪ್ಪಾಯಿತೋ ಅಲ್ಲಿ ತಿದ್ದಿ, ಚೆನ್ನಾಗಿ ಬಂದ ಮೇಲೆಯೇ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಮನುಷ್ಯರು ಹೇಳಿಕೊಡುವ ಟ್ಯೂಷನ್ನಿನ ಪರಿಣಾಮ ಒಳ್ಳೆಯದೇ, ಆದರೆ ಬ್ಲೂಮ್ ಹೇಳಿದ್ದರ ಅರ್ಧಕ್ಕೂ ಕಡಿಮೆ ಅಂತ ಅವರಿಗೆ ಕಂಡಿತು. ಅಂದರೆ ಪಕ್ಕದಲ್ಲಿ ಒಬ್ಬರು ಕೂತ ಮಾತ್ರಕ್ಕೆ ಪವಾಡ ಆಗುವುದಿಲ್ಲ. ಕೂತು ಏನು ಮಾಡುತ್ತಾರೆ ಅನ್ನುವುದರ ಮೇಲಿದೆ ಎಲ್ಲ.

ಏನು ಮಾಡಬೇಕು? ನನ್ನ ಪ್ರಕಾರ ಮೊದಲು ಬಾಯಿ ಮುಚ್ಚಿಕೊಳ್ಳಬೇಕು. ಮಿಶೆಲೀನ್ ಚೀ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 2001ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಟ್ಯೂಟರ್‌ಗಳಿಗೆ ವಿವರಣೆ ಕೊಡಬೇಡಿ, ಬರೀ ಮಗುವನ್ನು ಮಾತಾಡಿಸಿ, "ಯಾಕೆ", "ಆಮೇಲೆ ಏನು" ಅಂತ ಕೇಳುತ್ತಾ ಹೋಗಿ ಅಂತ ಹೇಳಿದ್ದರು. ಚೆನ್ನಾಗಿ ವಿವರಿಸಿ ಹೇಳಿದವರ ಹತ್ತಿರ ಕಲಿತಷ್ಟೇ ಇವರ ಹತ್ತಿರವೂ ಮಕ್ಕಳು ಕಲಿತರು. ನನ್ನಂಥ ಮಾತುಗಾರರಿಗೆ ಸ್ವಲ್ಪ ಬೇಜಾರಾಗುವ ಸುದ್ದಿ ಇದು.

ಹಾಗಾಗಿ ಡೆಮೊ ಕ್ಲಾಸ್ ಇದ್ದಾಗ ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳಿದರು ಅಂತ ನೋಡಬೇಡಿ. ಮಗು ಎಷ್ಟು ಮಾತಾಡಿತು ಅಂತ ನೋಡಿ. ಪೆನ್ಸಿಲ್ ಯಾರ ಕೈಯಲ್ಲಿತ್ತು ಅಂತ ನೋಡಿ. ಗಂಟೆಯ ಕೊನೆಗೆ ನೋಟ್‌ಬುಕ್ ತುಂಬಾ ಮೇಷ್ಟ್ರ ಅಂದವಾದ ಅಕ್ಷರವೇ ಇದ್ದರೆ ಕಲಿತದ್ದು ಮೇಷ್ಟ್ರು.

ಇನ್ನೊಂದು ಗುರುತು "ಅರ್ಥ ಆಯ್ತಾ?" ಎಂಬ ಪ್ರಶ್ನೆ. ಇದಕ್ಕೆ ಮಕ್ಕಳು ಹೂಂ ಅನ್ನುತ್ತಾರೆ. ದೊಡ್ಡವರ ಮುಂದೆ ಇನ್ನೇನು ಅಂದಾರು? ಟ್ಯೂಷನ್ ಕ್ಲಾಸ್‌ಗಳನ್ನು ರೆಕಾರ್ಡ್ ಮಾಡಿ ಅಧ್ಯಯನ ಮಾಡಿದ ಆರ್ಥರ್ ಗ್ರೇಸರ್ ಮತ್ತು ನಟಾಲಿ ಪರ್ಸನ್ ಅವರಿಗೆ ಒಂದು ತಮಾಷೆಯ ಸಂಗತಿ ಕಂಡಿತು. "ಇಲ್ಲ, ಅರ್ಥ ಆಗಲಿಲ್ಲ" ಅಂತ ಹೇಳುವವರು ಹೆಚ್ಚಾಗಿ ಚೆನ್ನಾಗಿ ಕಲಿಯುತ್ತಿರುವ ಮಕ್ಕಳೇ. ತನಗೆ ಏನು ಗೊತ್ತಿಲ್ಲ ಅಂತ ಹೇಳುವುದಕ್ಕೂ ಒಂದಿಷ್ಟು ಗೊತ್ತಿರಬೇಕಲ್ವಾ. ಹಿಂದೆ ಬಿದ್ದ ಮಗು ಹೂಂ ಅಂತ ತಲೆಯಾಡಿಸಿ ಪಾರಾಗುತ್ತದೆ. ಒಳ್ಳೆಯ ಮೇಷ್ಟ್ರು "ಅರ್ಥ ಆಯ್ತಾ" ಅಂತ ಕೇಳುವ ಬದಲು ಅಂಥದ್ದೇ ಇನ್ನೊಂದು ಲೆಕ್ಕ ಕೊಟ್ಟು ಸುಮ್ಮನೆ ಕಾಯುತ್ತಾರೆ. ಆ ಕಾಯುವ ಹೊತ್ತು ಪೋಷಕರಿಗೆ ಕಷ್ಟ ಆಗುತ್ತದೆ, ಗಂಟೆಗೆ ದುಡ್ಡು ಕೊಟ್ಟಿದ್ದೇವೆ, ಇವರೇನು ಸುಮ್ಮನೆ ಕೂತಿದ್ದಾರೆ ಅಂತ. ದಯವಿಟ್ಟು ಕೂರಲು ಬಿಡಿ.

ಅದೇ ಇಬ್ಬರು ಎಣಿಸಿದ ಇನ್ನೊಂದು ಲೆಕ್ಕವನ್ನೂ ಹೇಳುತ್ತೇನೆ. ತರಗತಿಯಲ್ಲಿ ಒಂದು ಮಗು ಕೇಳುವ ಪ್ರಶ್ನೆಗೆ ಹೋಲಿಸಿದರೆ ಒಬ್ಬರೇ ಕೂತು ಕಲಿಯುವಾಗ ಕೇಳುವ ಪ್ರಶ್ನೆ ಸುಮಾರು 240 ಪಟ್ಟು ಜಾಸ್ತಿ ಅಂತ 1994ರ ಅವರ ಅಧ್ಯಯನ ಹೇಳುತ್ತದೆ. ಟ್ಯೂಷನ್ನಿಗೆ ನೀವು ಕೊಡುವ ದುಡ್ಡು ಮುಖ್ಯವಾಗಿ ಇದಕ್ಕೆ. ಎಂಟು ಹತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಬೋರ್ಡಿನ ಮೇಲೆ ಬರೆಯುವ ಜಾಗಕ್ಕೆ ಕಳಿಸಿದರೆ ಇದು ಸಿಗುವುದಿಲ್ಲ, ಅದು ಇನ್ನೊಂದು ತರಗತಿ ಅಷ್ಟೇ. ಒಬ್ಬರಿಗೇ ಫೀಸ್ ಕೊಡುವುದು ಕಷ್ಟ ಅಂದರೆ ಎರಡು ಮೂರು ಮಕ್ಕಳು ಸೇರಿ ಕಲಿಯಲಿ, ಆದರೆ ಒಂದೇ ಕಡೆ ಸಿಕ್ಕಿಹಾಕಿಕೊಂಡ ಮಕ್ಕಳಾಗಿರಲಿ. ಒಂದೇ ಕ್ಲಾಸಿನವರು ಅನ್ನುವುದಷ್ಟೇ ಸಾಲದು.

ಕ್ಲಾಸ್ ಮುಗಿಸಿ ಬಂದ ಮಗುವನ್ನು ಕೂಡಲೇ "ಏನು ಕಲಿತೆ" ಅಂತ ಕೇಳಿ ಸಮಾಧಾನ ಪಡುವವರಿಗೂ ಒಂದು ಮಾತು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಇಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದರೆ ಕಥೆ ತಿರುಗಿತ್ತು, ನೆನಪಿಸಿಕೊಂಡು ಬರೆದವರು ಎಷ್ಟೋ ಮುಂದಿದ್ದರು. ಆದ್ದರಿಂದ ಮೇಷ್ಟ್ರನ್ನು ಕೇಳಿ: ಹೋದ ವಾರದ್ದನ್ನು ಪುಸ್ತಕ ನೋಡದೆ ಮಾಡಿಸುತ್ತೀರಾ? ಪ್ರತಿ ಕ್ಲಾಸೂ ಹೊಸ ಪಾಠದಿಂದಲೇ ಶುರುವಾದರೆ ಹಿಂದಿನದೆಲ್ಲ ಸೋರಿಹೋಗುತ್ತಿರುತ್ತದೆ.

ವಾರಕ್ಕೆ ಎಷ್ಟು? ವಾರದ ಕೊನೆಗೆ ಒಂದೇ ಸಲ ಎರಡೂವರೆ ಗಂಟೆ ಕೂರಿಸುವುದು ದೊಡ್ಡವರ ಅನುಕೂಲಕ್ಕೆ. ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ ಎಂಬ ಸಂಸ್ಥೆ ಟ್ಯೂಷನ್ ಬಗೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ಹೇಳುವುದು ಬೇರೆ: ಸುಮಾರು ಅರ್ಧ ಗಂಟೆಯ ಕ್ಲಾಸ್, ವಾರಕ್ಕೆ ಮೂರರಿಂದ ಐದು ಸಲ, ಹೆಚ್ಚೆಂದರೆ ಹತ್ತು ವಾರ. ಕೊನೆಯ ಮಾತನ್ನು ಗಮನಿಸಿ. ಹತ್ತು ವಾರ. ಹತ್ತು ವರ್ಷ ಅಲ್ಲ. ಹೀಗಿದ್ದೂ ಮೂರನೇ ಕ್ಲಾಸಿನಲ್ಲಿ ಶುರುವಾದ ಟ್ಯೂಷನ್ ಶಾಲೆ ಮುಗಿಯುವವರೆಗೂ ನಡೆಯುವ ಮನೆಗಳು ಎಷ್ಟು ಬೇಕಾದರೂ ಇವೆ. ಯಾಕೆ ಶುರುಮಾಡಿದ್ದು ಅಂತ ಕೇಳಿದರೆ ಮನೆಯವರಿಗೂ ನೆನಪಿರುವುದಿಲ್ಲ.

ಡಿಗ್ರಿ ವಿಷಯಕ್ಕೆ ಬರೋಣ. ದೊಡ್ಡ ಡಿಗ್ರಿ ಇದ್ದವರೇ ಬೇಕು ಅಂತಿಲ್ಲ, ಆದರೆ ಯಾರಾದರೂ ಆಗುತ್ತದೆ ಅಂತಲೂ ಅಲ್ಲ. 2020ರಲ್ಲಿ ಆಂಡ್ರೆ ನಿಕೋ, ಫಿಲಿಪ್ ಓರಿಯೊಪೌಲೋಸ್, ವಿನ್ಸೆಂಟ್ ಕ್ವಾನ್ ಎಂಬ ಮೂವರು ಸಂಶೋಧಕರು ಸೇರಿ ಟ್ಯೂಷನ್ ಬಗೆಗಿನ 96 ಪ್ರಯೋಗಗಳನ್ನು ಪರಿಶೀಲಿಸಿದರು. ಶಿಕ್ಷಕರು ಮತ್ತು ತರಬೇತಿ ಪಡೆದ ಸಹಾಯಕರು ಹೇಳಿಕೊಟ್ಟಾಗ ಫಲ ಜಾಸ್ತಿ, ಸ್ವಯಂಸೇವಕರು ಅಥವಾ ಅಪ್ಪ ಅಮ್ಮ ಹೇಳಿಕೊಟ್ಟಾಗ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ದುಡ್ಡು ಕೊಡಲು ಆಗದವರು ಕೈಚೆಲ್ಲಿ ಕೂರಬೇಕಾಗಿಲ್ಲ. ಎರಡು ತರಗತಿ ಮುಂದಿರುವ ಅಕ್ಕನೋ ಅಣ್ಣನೋ ಗೊತ್ತಾದ ಹೊತ್ತಿಗೆ ಕೂತು, ಯಾವ ಪಾಠ ಅಂತ ಮೊದಲೇ ಗೊತ್ತುಮಾಡಿಕೊಂಡು ಹೇಳಿಕೊಟ್ಟರೆ ಅದೂ ಕೆಲಸ ಮಾಡುತ್ತದೆ. ಹೇಳಿಕೊಡುವ ಮಗುವಿಗೂ ಲಾಭ.

ಹೋಂವರ್ಕ್ ಮಾಡಿಸುವ ಟ್ಯೂಷನ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಅದು ದಂಡ. ಮನೆಯಲ್ಲಿ ಜಗಳ ತಪ್ಪುತ್ತದೆ, ಡೈರಿಯಲ್ಲಿ ಕೆಂಪು ಗೆರೆ ಬೀಳುವುದಿಲ್ಲ, ಅಷ್ಟೇ. ಹೋಂವರ್ಕ್ ಮಗು ಒಂಟಿಯಾಗಿ ಕೂತು ಒದ್ದಾಡಬೇಕಾದ ಜಾಗ. ಅಲ್ಲಿ ತಪ್ಪಾದರೆ ಅದು ಶಾಲೆಯ ಟೀಚರ್ ಕಣ್ಣಿಗೆ ಬೀಳಬೇಕು. ನಾವು ಪಕ್ಕದಲ್ಲಿ ಕೂತು ಎಲ್ಲವನ್ನೂ ಸರಿಮಾಡಿ ಕಳಿಸಿದರೆ ಆ ಟೀಚರ್ ಏನಂದುಕೊಳ್ಳುತ್ತಾರೆ? ಎಲ್ಲರಿಗೂ ಬಂದಿದೆ, ಮುಂದೆ ಹೋಗೋಣ ಅಂತ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮನಿಗೆ ಸಂಜೆ ಮಗುವಿನ ಜೊತೆ ಯಾರಾದರೂ ಇರಬೇಕು ಅನ್ನುವುದು ನಿಜವಾದ ಕಷ್ಟ, ನನಗೆ ಗೊತ್ತು. ಹಾಗಿದ್ದರೆ ನೋಡಿಕೊಳ್ಳುವವರನ್ನು ಹುಡುಕಿ. ಅದಕ್ಕೆ ಟ್ಯೂಷನ್ ಅಂತ ಹೆಸರಿಡುವುದು ಬೇಡ.

ಮಗುವಿಗೆ ಶಾಲೆಯಲ್ಲಿ ಪಾಠ ಮಾಡಿ ಮಾರ್ಕ್ಸ್ ಹಾಕುವವರ ಹತ್ತಿರವೇ ದುಡ್ಡು ಕೊಟ್ಟು ಟ್ಯೂಷನ್ ಹಾಕಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ. ಟ್ಯೂಷನ್ನಿಗೆ ಬಾರದ ಮಗುವಿಗೆ ಅದು ಅನ್ಯಾಯ, ಬರುವ ಮಗುವಿನ ಮಾರ್ಕ್ಸ್ ಕೂಡ ನಂಬುವಂತಿರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಗುರುತಿನ ಚೀಟಿ ಕೇಳಿ. ಹಿಂದೆ ಪಾಠ ಹೇಳಿಸಿಕೊಂಡ ಒಂದೆರಡು ಮನೆಯವರ ಜೊತೆ ನೀವೇ ಮಾತಾಡಿ, ಬರೆದುಕೊಟ್ಟ ಹೊಗಳಿಕೆ ನಂಬಬೇಡಿ. "ಯಾಕೆ ನಿಲ್ಲಿಸಿದಿರಿ" ಅಂತ ಕೇಳುವುದನ್ನು ಮರೆಯಬೇಡಿ. ಮನೆಗೆ ಬರುವವರಾದರೆ ಬಾಗಿಲು ತೆರೆದಿರುವ ಕೋಣೆ, ಮನೆಯಲ್ಲಿ ಇನ್ನೊಬ್ಬ ದೊಡ್ಡವರು. ನೀವು ಕಳಿಸುವುದಾದರೆ ಆ ಜಾಗವನ್ನು ಒಮ್ಮೆ ಹೇಳದೆ ಹೋಗಿ ನೋಡಿ. ಆನ್‌ಲೈನ್ ಆದರೆ ಮನೆಯವರು ಓಡಾಡುವ ಜಾಗದಲ್ಲಿ ಕಂಪ್ಯೂಟರ್ ಇರಲಿ. ಮೆಸೇಜ್ ಎಲ್ಲ ಪೋಷಕರ ಫೋನಿಗೇ ಬರಲಿ, ಮಗುವಿಗೆ ನೇರವಾಗಿ ಬೇಡ. ಇದನ್ನೆಲ್ಲ ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಮೇಷ್ಟ್ರು ನಿಮಗೆ ಬೇಡ. ಸರಿಯಾದವರು ನೀವು ಕೇಳುವ ಮೊದಲೇ "ಬಾಗಿಲು ತೆಗೆದಿರಲಿ" ಅನ್ನುತ್ತಾರೆ, ಯಾಕೆಂದರೆ ಅದು ಅವರಿಗೂ ಕ್ಷೇಮ. ಮಗು ಇದ್ದಕ್ಕಿದ್ದಂತೆ "ನಾನು ಹೋಗಲ್ಲ" ಅಂದರೆ ಸೋಮಾರಿತನ ಅಂತ ತಳ್ಳಿಹಾಕಬೇಡಿ. ಕೂತು ಕೇಳಿ. ಹೊಡೆಯುವ, ದಡ್ಡ ಅನ್ನುವ, ಬೇರೆ ಮಗುವಿನ ಜೊತೆ ಹೋಲಿಸುವ ಮೇಷ್ಟ್ರನ್ನು ಅವತ್ತೇ ಬಿಡಿಸಿ, ತಿಂಗಳು ಮುಗಿಯಲಿ ಅಂತ ಕಾಯಬೇಡಿ.

ಇನ್ನು ಚೆನ್ನಾಗಿಯೇ ಓದುತ್ತಿರುವ ಮಕ್ಕಳ ಪೋಷಕರಿಗೆ. ನಿಮ್ಮ ಫೋನ್ ಬಂದಾಗ ನಾನು ಕೇಳುವುದು ಒಂದೇ, ಯಾತಕ್ಕೆ ಬೇಕು? ಬರುವ ಉತ್ತರವೂ ಬಹುಪಾಲು ಒಂದೇ, ಎಲ್ಲರೂ ಹೋಗುತ್ತಿದ್ದಾರೆ. ಈ ಭಯಕ್ಕೆ ಸರ್ಕಾರಗಳ ಹತ್ತಿರವೂ ಮದ್ದಿಲ್ಲ. ದಕ್ಷಿಣ ಕೊರಿಯಾ 1980ರಲ್ಲಿ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಿತು. ಟ್ಯೂಷನ್ ನಿಲ್ಲಲಿಲ್ಲ, ಗುಟ್ಟಾಗಿ ನಡೆಯಿತು. 2000ದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ಆ ನಿಷೇಧ ಸಲ್ಲದು ಅಂದಿತು. ನಾಟಕ ನೋಡುವಾಗ ಎಲ್ಲರೂ ಎದ್ದು ನಿಂತರೆ ಯಾರಿಗೂ ಹೆಚ್ಚು ಕಾಣುವುದಿಲ್ಲ, ಕಾಲು ಮಾತ್ರ ಎಲ್ಲರಿಗೂ ನೋಯುತ್ತದೆ. ನಿಮ್ಮ ಮಗು ಕೂತುಕೊಂಡೇ ಚೆನ್ನಾಗಿ ನೋಡುತ್ತಿದ್ದರೆ ಎಬ್ಬಿಸಬೇಡಿ. ಆ ಸಂಜೆಯನ್ನು ಆಟಕ್ಕೆ ಬಿಡಿ.

ನನ್ನ ಜೊತೆಯ ಟ್ಯೂಷನ್ ಮೇಷ್ಟ್ರುಗಳಿಗೂ, ಟೀಚರ್‌ಗಳಿಗೂ ಇಲ್ಲಿ ಒಂದು ಕೋರಿಕೆ. ಮೊದಲ ಎರಡು ಕ್ಲಾಸ್ ಪಾಠ ಮಾಡಬೇಡಿ, ಬರೀ ನೋಡಿ. ಮಗುವಿಗೆ ಏನು ಬರುತ್ತದೆ, ಎಲ್ಲಿಂದ ಬರುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ಕೊಡಿ. "ಇಷ್ಟು ಬಂದ ಮೇಲೆ ನಿಲ್ಲಿಸೋಣ" ಅಂತ ಅದರ ಕೆಳಗೆ ಬರೆಯಿರಿ. ನಮ್ಮ ಹೊಟ್ಟೆಪಾಡಿನ ಪ್ರಶ್ನೆ ಅಂತ ನೀವು ಅನ್ನಬಹುದು. ನನ್ನ ಅನುಭವದಲ್ಲಿ ಬೇಗ ನಿಲ್ಲಿಸಿದ ಮನೆಯವರೇ ಇನ್ನೊಬ್ಬರನ್ನು ನಮ್ಮ ಹತ್ತಿರ ಕಳಿಸುವುದು.

ಪೋಷಕರೇ, ಆ ಹಾಳೆಯನ್ನು ಇಟ್ಟುಕೊಳ್ಳಿ. ಮೂರು ನಾಲ್ಕು ವಾರ ಆದ ಮೇಲೆ ತೆಗೆದು ನೋಡಿ. ಬರೆದಿದ್ದರಲ್ಲಿ ಒಂದಾದರೂ ಮಗುವಿಗೆ ಈಗ ಯಾರ ಸಹಾಯವೂ ಇಲ್ಲದೆ ಬರುತ್ತದಾ? ಇಲ್ಲ ಅಂದರೆ ಮೇಷ್ಟ್ರ ಜೊತೆ ಮಾತಾಡಿ. ಅವರು ಮಗುವನ್ನೇ ದೂರಿದರೆ ಬೇರೆಯವರನ್ನು ಹುಡುಕಿ. "ನಾನು ಅಂದುಕೊಂಡ ಜಾಗ ತಪ್ಪು, ತೊಂದರೆ ಇನ್ನೂ ಹಿಂದಿದೆ" ಅಂದರೆ ಇನ್ನಷ್ಟು ದಿನ ಕೊಡಿ, ಅವರು ಕೆಲಸ ಮಾಡುತ್ತಿದ್ದಾರೆ. ನಿಲ್ಲಿಸುವ ಹೊತ್ತು ಬಂದಾಗ ಒಮ್ಮೆಗೇ ಬಿಡಿಸಬೇಡಿ, ವಾರಕ್ಕೆ ಮೂರು ಇದ್ದದ್ದು ಒಂದಾಗಲಿ, ಆಮೇಲೆ ನಿಲ್ಲಲಿ. ಯಾಕೆ ನಿಲ್ಲಿಸುತ್ತಿದ್ದೇವೆ ಅಂತ ಮಗುವಿಗೂ ಹೇಳಿ. ಫೀಸ್ ಜಾಸ್ತಿ ಅಂತಲೋ, ಮೇಷ್ಟ್ರಿಗೆ ಬಿಡುವಿಲ್ಲ ಅಂತಲೋ ನೆಪ ಹೇಳಬೇಡಿ. ನಿನಗೇ ಬರುತ್ತದೆ, ಅದಕ್ಕೆ ನಿಲ್ಲಿಸುತ್ತಿದ್ದೇವೆ ಅನ್ನಿ.

ಇಂತಿ,
ಮನೆಪಾಠ ಹೇಳಿಕೊಡುವ ಒಬ್ಬ ಟೀಚರ್